ತಂತ್ರಾಂಶದ ಗುಣಮಟ್ಟವೂ ಮನುಷ್ಯನ ಅಗತ್ಯವೂ

ಪ್ರೌಢಶಾಲೆಯ ಕಂಪ್ಯೂಟರ್ ಪಾಠದಲ್ಲಿ ತಂತ್ರಾಂಶ ಎಂದರೇನು ಎಂಬ ಪ್ರಶ್ನೆಗೆ ಸಿದ್ಧವಾದ ಉತ್ತರವಿದೆ: ಯಂತ್ರವು ಮಾಡಬೇಕಾದ ಕೆಲಸವನ್ನು ಅದಕ್ಕೆ ಕ್ರಮವಾಗಿ ತಿಳಿಸುವ ಆದೇಶಗಳ ಸಮೂಹ. ಒಳ್ಳೆಯ ತಂತ್ರಾಂಶ ಎಂದರೇನು ಎಂದು ಅದೇ ತರಗತಿಯಲ್ಲಿ ಕೇಳಿದರೆ ಉತ್ತರಗಳು ಹಲವು ಬರುತ್ತವೆ. ತಪ್ಪಿಲ್ಲದ್ದು ಎನ್ನುವವರು ಕೆಲವರು, ಬೇಗ ತೆರೆದುಕೊಳ್ಳುವುದು ಎನ್ನುವವರು ಕೆಲವರು, ನಡುವೆ ನಿಂತುಹೋಗದ್ದು ಎನ್ನುವವರು ಮತ್ತೆ ಕೆಲವರು. ಇವೆಲ್ಲವೂ ಯಂತ್ರವನ್ನು ಕುರಿತ ಉತ್ತರಗಳು. ಆ ತಂತ್ರಾಂಶವನ್ನು ಬಳಸುವವರು ಯಾರು, ಅವರಿಗೆ ಬೇಕಾಗಿದ್ದುದೇನು, ಅದು ದೊರೆಯಿತೇ ಎಂಬ ಪ್ರಶ್ನೆಗಳು ಅವುಗಳಲ್ಲಿ ಬರುವುದಿಲ್ಲ. ಬಿಟ್ಟುಹೋದ ಆ ಪ್ರಶ್ನೆಗಳೇ ಈ ಪಾಠದ ವಿಷಯ.

ಅಮೆರಿಕದ ಜೆರಾಲ್ಡ್ ವೈನ್‌ಬರ್ಗ್ (1933–2018) ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡವರಲ್ಲಿ ಪ್ರಮುಖರು. 1971ರಲ್ಲಿ ಪ್ರಕಟವಾದ ಅವರ ‘ದಿ ಸೈಕಾಲಜಿ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಎಂಬ ಗ್ರಂಥವು, ಆದೇಶಗಳನ್ನು ಬರೆಯುವ ಕೆಲಸವು ತರ್ಕದ್ದು ಮಾತ್ರವಲ್ಲ, ಮನುಷ್ಯರ ನಡವಳಿಕೆಯದೂ ಹೌದು ಎಂಬುದನ್ನು ತೋರಿಸಿತು. ಗುಣಮಟ್ಟವನ್ನು ಅವರು ವಸ್ತುವಿನೊಳಗೆ ಅಡಗಿರುವ ಗುಣವೆಂದು ಎಣಿಸಲಿಲ್ಲ. ಬಳಸುವ ವ್ಯಕ್ತಿಗೆ ಅದರಿಂದ ಆಗುವ ಪ್ರಯೋಜನಕ್ಕೆ ಅದನ್ನು ಕಟ್ಟಿಹಾಕಿದರು. ಹಾಗೆ ಕಟ್ಟಿದ ಮೇಲೆ ‘ಯಾವ ವ್ಯಕ್ತಿಗೆ?’ ಎಂದು ಕೇಳಲೇಬೇಕಾಗುತ್ತದೆ. ಹಣ ಕೊಟ್ಟು ಮಾಡಿಸಿದ ಅಧಿಕಾರಿಗೆ ಒಳ್ಳೆಯದಾಗಿ ಕಂಡದ್ದು, ಅದರ ಮುಂದೆ ಕುಳಿತು ದಿನವಿಡೀ ಕೆಲಸ ಮಾಡುವ ಗುಮಾಸ್ತನಿಗೆ ಒಳ್ಳೆಯದಾಗಿ ಕಾಣಬೇಕೆಂದಿಲ್ಲ. ಆ ಕೆಲಸದ ಫಲಕ್ಕಾಗಿ ಕಾದು ಹೊರಗೆ ನಿಂತವನಿಗೆ ಅದು ಹೇಗೆ ಕಂಡೀತೆಂಬುದು ಮತ್ತೂ ಬೇರೆಯ ಮಾತು. ಈ ಮೂವರ ನಡುವಿನ ಅಂತರ ಎಷ್ಟು ದುಬಾರಿಯಾಗಬಲ್ಲುದೆಂಬುದಕ್ಕೆ 1992ರಲ್ಲಿ ಲಂಡನ್ನಿನಲ್ಲಿ ನಡೆದ ಘಟನೆಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಲಂಡನ್ನಿನ ಆಂಬುಲೆನ್ಸ್ ಸೇವೆ

ಲಂಡನ್ ಆಂಬುಲೆನ್ಸ್ ಸೇವೆಯ ವ್ಯಾಪ್ತಿ ಸುಮಾರು 600 ಚದರ ಮೈಲಿ. ಅದನ್ನು ನೆಚ್ಚಿದ್ದ ನಿವಾಸಿಗಳು ಸುಮಾರು 68 ಲಕ್ಷ. ತುರ್ತು ಸಂಖ್ಯೆ 999ಕ್ಕೆ ಬಂದ ಕರೆಯನ್ನು ಅಲ್ಲಿ ಬಹುಕಾಲ ಕಾಗದದ ಮೇಲೆಯೇ ನಿರ್ವಹಿಸುತ್ತಿದ್ದರು. ಕರೆ ಸ್ವೀಕರಿಸಿದವರು ವಿವರವನ್ನು ಒಂದು ಚೀಟಿಯಲ್ಲಿ ಬರೆದು, ನಕಾಶೆ ಪುಸ್ತಕದಲ್ಲಿ ಸ್ಥಳವನ್ನು ಹುಡುಕಿ ಗುರುತು ಹಾಕಿ, ಚೀಟಿಯನ್ನು ಚಲಿಸುವ ಪಟ್ಟಿಯ ಮೇಲೆ ಇಡುತ್ತಿದ್ದರು. ಪಟ್ಟಿಯ ಕೊನೆಯಲ್ಲಿ ಕುಳಿತವರು ಚೀಟಿಗಳನ್ನು ಎತ್ತಿಕೊಂಡು, ಒಂದೇ ಅಪಘಾತದ ಬಗ್ಗೆ ಎರಡು ಕರೆ ಬಂದಿದ್ದರೆ ಅದನ್ನು ಗುರುತಿಸಿ, ಆಯಾ ವಿಭಾಗದ ಹಂಚಿಕೆದಾರರಿಗೆ ಕೊಡುತ್ತಿದ್ದರು. ಯಾವ ವಾಹನ ಎಲ್ಲಿದೆ, ಯಾವುದು ಬಿಡುವಾಗಿದೆ ಎಂಬುದನ್ನು ಹಂಚಿಕೆದಾರರು ನೋಡಿ ನಿರ್ಧರಿಸಿದ ಮೇಲೆ ದೂರವಾಣಿಯಿಂದಲೋ ರೇಡಿಯೋದಿಂದಲೋ ಸಿಬ್ಬಂದಿಗೆ ಸೂಚನೆ ಹೋಗುತ್ತಿತ್ತು.

ಈ ಕ್ರಮದಲ್ಲಿ ಲೋಪಗಳಿದ್ದವು. ಚೀಟಿ ಕಳೆದುಹೋಗಬಹುದು, ಅವಸರದ ಬರಹ ಓದಲು ಬಾರದಿರಬಹುದು, ನಕಾಶೆಯಲ್ಲಿ ಬೀದಿಯನ್ನು ಹುಡುಕುವಷ್ಟರಲ್ಲಿ ಅಮೂಲ್ಯವಾದ ಕ್ಷಣಗಳು ಕಳೆಯಬಹುದು. ಆದ್ದರಿಂದ ಈ ಕೆಲಸಕ್ಕೆ ಕಂಪ್ಯೂಟರ್ ಬೇಕೆಂಬ ಬಯಕೆಯಲ್ಲಿ ತಪ್ಪಿರಲಿಲ್ಲ. ಆದರೆ ಕಾಗದದ ಆ ಕ್ರಮದಲ್ಲಿ ಕಣ್ಣಿಗೆ ಕಾಣದ ಒಂದು ಬಲವಿತ್ತು. ಹಂಚಿಕೆದಾರರಿಗೆ ತಮ್ಮ ವಿಭಾಗದ ಬೀದಿಗಳು ಗೊತ್ತಿದ್ದವು. ಸಿಬ್ಬಂದಿಯ ದನಿ ಗೊತ್ತಿತ್ತು. ಎಲ್ಲಿ ಯಾವ ಹೊತ್ತಿನಲ್ಲಿ ವಾಹನ ಸಿಕ್ಕಿಹಾಕಿಕೊಳ್ಳುತ್ತದೆಂಬ ಅನುಭವವಿತ್ತು. ಒಂದು ಚೀಟಿಯಲ್ಲಿ ತಪ್ಪಿದ್ದರೆ ಮೂರನೆಯ ಕೈಗೆ ಬರುವಷ್ಟರಲ್ಲಿ ಯಾರಾದರೂ ಅದನ್ನು ತಿದ್ದುತ್ತಿದ್ದರು. ಈ ತಿದ್ದುವಿಕೆಯನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಬರೆದಿಡದ ಕೆಲಸವು ಹೊಸ ತಂತ್ರಾಂಶದ ನಕ್ಷೆಯಲ್ಲಿ ಸೇರುವುದು ಹೇಗೆ?

ಹೊಸ ವ್ಯವಸ್ಥೆಯ ಕಲ್ಪನೆಯಂತೆ ಕಂಪ್ಯೂಟರೇ ಸ್ಥಳವನ್ನು ಗುರುತಿಸಬೇಕು, ವಾಹನಗಳು ಎಲ್ಲಿವೆಯೆಂದು ತಾನೇ ತಿಳಿಯಬೇಕು, ಹತ್ತಿರದ ವಾಹನವನ್ನು ಆರಿಸಿ ಅದರೊಳಗಿನ ಪರದೆಗೆ ಸೂಚನೆ ಕಳುಹಿಸಬೇಕು. ಮನುಷ್ಯನ ಪಾತ್ರವನ್ನು ಸಾಧ್ಯವಾದಷ್ಟು ಕಡಿಮೆ ಮಾಡುವುದೇ ಪ್ರಗತಿಯೆಂದು ಭಾವಿಸಲಾಗಿತ್ತು. ಕೆಲಸ ಮುಗಿಯಬೇಕಾದ ದಿನ ಮೊದಲೇ ನಿಗದಿಯಾಗಿತ್ತು: 8 ಜನವರಿ 1992. ಅಷ್ಟು ದೊಡ್ಡ ಕೆಲಸಕ್ಕೆ ಆ ಅವಧಿ ಸಾಲದೆಂಬ ಮಾತಿಗೆ ಕಿವಿಗೊಡಲಿಲ್ಲ. ಗಡುವು ತಪ್ಪಿತು, ತುಂಡುತುಂಡಾಗಿ ಕೆಲವು ಭಾಗಗಳು ಬಳಕೆಗೆ ಬಂದವು. ಸಿಬ್ಬಂದಿಗೆ ಮೊದಲ ಗಡುವಿಗೆ ತಕ್ಕಂತೆ ತರಬೇತಿ ಕೊಟ್ಟಾಗಿತ್ತು. ವ್ಯವಸ್ಥೆ ನಿಜವಾಗಿ ಬರುವಷ್ಟರಲ್ಲಿ ಕಲಿತದ್ದು ಮರೆತುಹೋಗಿತ್ತು. ವರ್ಷಾರಂಭದಲ್ಲಿ ಕಲಿಸಿದ್ದನ್ನು ಒಮ್ಮೆಯೂ ಪುನರಾವರ್ತಿಸದೆ ವರ್ಷಾಂತ್ಯದಲ್ಲಿ ಪರೀಕ್ಷಿಸುವುದರ ಫಲವನ್ನು ಶಿಕ್ಷಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1992ರ ಅಕ್ಟೋಬರ್ 26ರ ಬೆಳಿಗ್ಗೆ ಪೂರ್ಣ ವ್ಯವಸ್ಥೆಯನ್ನು ಒಮ್ಮೆಲೇ ಚಾಲನೆಗೆ ತರಲಾಯಿತು. ನಿಯಂತ್ರಣ ಕೊಠಡಿಯ ಆಸನಗಳನ್ನೂ ಅದೇ ಸಮಯಕ್ಕೆ ಬದಲಾಯಿಸಿದ್ದರಿಂದ ವರ್ಷಗಳಿಂದ ಅಕ್ಕಪಕ್ಕದಲ್ಲಿ ಕುಳಿತು ಮಾತಿನಲ್ಲೇ ತೊಡಕು ಬಿಡಿಸಿಕೊಳ್ಳುತ್ತಿದ್ದವರು ಬೇರೆಬೇರೆಯಾದರು. ಕಾಗದದ ಆಸರೆಯನ್ನೂ ತೆಗೆದಿದ್ದರು.

ಮುಂದಿನದು ನಿಧಾನವಾಗಿ ಓದಬೇಕಾದ ಭಾಗ. ವಾಹನಗಳು ಎಲ್ಲಿವೆ, ಏನು ಮಾಡುತ್ತಿವೆ ಎಂಬ ಮಾಹಿತಿ ಬಹುಮಟ್ಟಿಗೆ ದೋಷರಹಿತವಾಗಿದ್ದರೆ ಮಾತ್ರ ಈ ತಂತ್ರಾಂಶ ಸರಿಯಾಗಿ ನಡೆಯುತ್ತಿತ್ತು. ನಿಜದ ಬೀದಿಯಲ್ಲಿ ಮಾಹಿತಿ ಹಾಗಿರುವುದಿಲ್ಲ. ಕೆಲವು ಕಡೆ ರೇಡಿಯೋ ಸಂಕೇತ ತಲುಪುತ್ತಿರಲಿಲ್ಲ. ರೋಗಿಯನ್ನು ಎತ್ತುವ ಅವಸರದಲ್ಲಿ ಸಿಬ್ಬಂದಿ ಗುಂಡಿ ಒತ್ತಲು ಮರೆಯುತ್ತಿದ್ದರು ಅಥವಾ ಬೇರೆ ಗುಂಡಿ ಒತ್ತುತ್ತಿದ್ದರು. ತಮಗೆ ಗೊತ್ತುಮಾಡಿದ ವಾಹನವನ್ನು ಬಿಟ್ಟು ನಿಲ್ದಾಣದಲ್ಲಿದ್ದ ಇನ್ನೊಂದನ್ನು ತೆಗೆದುಕೊಂಡು ಹೋಗುವುದೂ ಇತ್ತು. ಹಿಂದೆ ಇಂಥವು ದೋಷಗಳೇ ಆಗಿರಲಿಲ್ಲ; ಒಂದು ಮಾತಿನಲ್ಲಿ ಸರಿಹೋಗುತ್ತಿದ್ದವು. ಈಗ ಪ್ರತಿಯೊಂದೂ ಕಂಪ್ಯೂಟರಿನ ಲೆಕ್ಕದಲ್ಲಿ ಒಂದು ಸುಳ್ಳಾಗಿ ಉಳಿಯಿತು. ಬಿಡುವಾಗಿದ್ದ ವಾಹನ ಅದಕ್ಕೆ ಕಾಣಲಿಲ್ಲ. ದೂರದ ವಾಹನವನ್ನು ಕಳುಹಿಸಿತು. ಒಂದೇ ಸ್ಥಳಕ್ಕೆ ಎರಡು ವಾಹನಗಳು ಹೋದವು. ಲೆಕ್ಕ ಹೊಂದದಿದ್ದಾಗಲೆಲ್ಲ ಅದು ಪರದೆಯ ಮೇಲೆ ಎಚ್ಚರಿಕೆಯ ಸಾಲೊಂದನ್ನು ಮೂಡಿಸುತ್ತಿತ್ತು. ಸಾಲುಗಳು ಬೆಳೆದಂತೆ ಹಳೆಯವು ಮೇಲಕ್ಕೆ ಸರಿದು ಪರದೆಯಿಂದಲೇ ಮರೆಯಾದವು. ಯಾರೂ ನೋಡದ ಕರೆಗಳು ಹಾಗೆ ಉಳಿದವು. ಆಂಬುಲೆನ್ಸ್ ಬಾರದೆ ಕಂಗೆಟ್ಟವರು ಮತ್ತೆ ಕರೆ ಮಾಡಿದರು. ಆ ಮರುಕರೆಗಳು ಹೊಸ ಕರೆಗಳಾಗಿ ಸೇರಿ ರಾಶಿ ಇನ್ನೂ ಬೆಳೆಯಿತು. ಬೇಸತ್ತ ಸಿಬ್ಬಂದಿ ಗುಂಡಿಗಳ ಬಗ್ಗೆ ಇನ್ನಷ್ಟು ಉದಾಸೀನರಾದರು. ತಪ್ಪು ತಪ್ಪನ್ನೇ ಹೆರುವ ಈ ಸುಳಿಯನ್ನು ಶಿಕ್ಷಕರು ಕಪ್ಪುಹಲಗೆಯ ಮೇಲೆ ಬಾಣಗಳಿಂದ ಬರೆದು ತೋರಿಸಿದರೆ ಮಕ್ಕಳಿಗೆ ಬೇಗ ತಿಳಿಯುತ್ತದೆ. ಅಕ್ಟೋಬರ್ 27ರ ಮಧ್ಯಾಹ್ನದ ಹೊತ್ತಿಗೆ ಅರ್ಧ ಕಂಪ್ಯೂಟರ್, ಅರ್ಧ ಕಾಗದದ ಪದ್ಧತಿಗೆ ಮರಳಬೇಕಾಯಿತು. ಮರುದಿನ ಸೇವೆಯ ಮುಖ್ಯಾಧಿಕಾರಿ ರಾಜೀನಾಮೆ ನೀಡಿದರು. ಈ ಎರಡು ದಿನಗಳ ಬಗ್ಗೆ ಪತ್ರಿಕೆಗಳಲ್ಲಿ ಸಾವಿನ ಸಂಖ್ಯೆಗಳು ಪ್ರಕಟವಾದವು. ವಿಚಾರಣೆಯಲ್ಲಿ ಸ್ಥಿರಪಡದ ಆ ಸಂಖ್ಯೆಗಳನ್ನು ತರಗತಿಗೆ ತರಬಾರದು. ಮನೆಯವರು ಪಕ್ಕದಲ್ಲಿ ನರಳುತ್ತಿರುವಾಗ ಗಂಟೆಗಟ್ಟಲೆ ಕಾದವರಿದ್ದರು ಎಂಬಷ್ಟೇ ಸಾಕು.

ನವೆಂಬರ್ 4ರ ನಸುಕಿನಲ್ಲಿ ಇನ್ನೊಂದು ಅವಘಡ. ಕಂಪ್ಯೂಟರ್ ಮೊದಲು ನಿಧಾನವಾಗಿ, ಆಮೇಲೆ ಪೂರ್ತಿ ನಿಂತುಹೋಯಿತು. ಸುಮಾರು ಮೂರು ವಾರಗಳ ಹಿಂದೆ ಯಾರೋ ಬದಲಾವಣೆ ಮಾಡುವಾಗ ತೆಗೆಯಲು ಮರೆತ ಆದೇಶವೊಂದು, ವಾಹನ ಕಳುಹಿಸಿದಾಗಲೆಲ್ಲ ಸ್ಮರಣೆಯ ಒಂದಿಷ್ಟು ಭಾಗವನ್ನು ಹಿಡಿದಿಟ್ಟುಕೊಂಡು ಬಿಡದೆ ಇತ್ತು. ಕೊನೆಗೆ ಸ್ಮರಣೆಯೇ ಬರಿದಾಯಿತು. ಸಿಬ್ಬಂದಿ ಕರೆಗಳ ಧ್ವನಿಮುದ್ರಣವನ್ನು ಮತ್ತೆ ಕೇಳಿ, ವಿವರಗಳನ್ನು ಕೈಯಲ್ಲಿ ಬರೆದುಕೊಂಡು ಕೆಲಸ ಸಾಗಿಸಿದರು.

ಎರಡು ಘಟನೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ನವೆಂಬರಿನದು ಯಂತ್ರದ ಕಡೆಯ ತಪ್ಪು, ಹುಡುಕಿದರು, ಸಿಕ್ಕಿತು. ಅಕ್ಟೋಬರಿನದು ಹಾಗಲ್ಲ. 1993ರ ಫೆಬ್ರವರಿಯಲ್ಲಿ ಪ್ರಕಟವಾದ ವಿಚಾರಣಾ ವರದಿಯ ಅಭಿಪ್ರಾಯದಂತೆ, ಆ ಎರಡು ದಿನ ಕಂಪ್ಯೂಟರ್ ತಾಂತ್ರಿಕವಾಗಿ ಕೆಟ್ಟಿರಲಿಲ್ಲ. ಬಹುಮಟ್ಟಿಗೆ ಅದು ಹೇಗೆ ನಡೆಯಬೇಕೆಂದು ರೂಪಿಸಿದ್ದರೋ ಹಾಗೆಯೇ ನಡೆಯಿತು. ರೂಪಿಸಿದ್ದರಲ್ಲಿಯೇ ಕೇಡು ಇತ್ತು. ಪಠ್ಯಗಳಲ್ಲಿ ನವೆಂಬರಿನ ಮರೆತ ಆದೇಶದ ಕಥೆಗೆ ಹೆಚ್ಚು ಸ್ಥಳ ದೊರೆಯುವುದುಂಟು, ಏಕೆಂದರೆ ಅದನ್ನು ಹೇಳುವುದು ಸುಲಭ. ಕಲಿಯಬೇಕಾದ ಪಾಠ ಅಕ್ಟೋಬರಿನದು.

ಅದೇ ಜನ, ಅದೇ ನಗರ, 1996

ಇದೇ ಸೇವೆ ನಾಲ್ಕು ವರ್ಷಗಳ ತರುವಾಯ ಮತ್ತೆ ಕಂಪ್ಯೂಟರನ್ನು ತಂದಿತು. ಆ ಬಾರಿ ಅದು ನಿಂತಿತು. ಈ ಉತ್ತರಾರ್ಧವನ್ನು ಹೇಳದೆ ಬಿಟ್ಟರೆ ಕಂಪ್ಯೂಟರೇ ಕೆಟ್ಟದ್ದೆಂಬ ಅಭಿಪ್ರಾಯ ಮಕ್ಕಳಲ್ಲಿ ಉಳಿದೀತು. ಎರಡನೆಯ ಸಲ ಕೆಲಸವನ್ನು ಹೊರಗಿನವರಿಗೆ ಒಪ್ಪಿಸದೆ ಸೇವೆಯ ಒಳಗೇ ಕಟ್ಟಲಾಯಿತು. ಮೊದಲು ಕಾಗದದ ಪದ್ಧತಿಯನ್ನೇ ಸರಿಪಡಿಸಿ ನೆಲೆಗೆ ನಿಲ್ಲಿಸಿದರು. ನಂತರ ಕರೆ ಬರೆದುಕೊಳ್ಳುವ ಭಾಗವನ್ನಷ್ಟೇ ಕಂಪ್ಯೂಟರಿಗೆ ತಂದರು. ಅದು ರೂಢಿಯಾದ ಮೇಲೆ ಮುಂದಿನದು. ಮಾದರಿ ಪರದೆಗಳನ್ನು ನಿಯಂತ್ರಣ ಕೊಠಡಿಯವರಿಗೆ ತೋರಿಸಿ, ಅವರು ಬೇಡವೆಂದದ್ದನ್ನು ಬದಲಿಸಿ, ಮತ್ತೆ ತೋರಿಸಿದರು. ವಾಹನವನ್ನು ಕಳುಹಿಸುವ ತೀರ್ಮಾನವನ್ನು ಅವಸರದಿಂದ ಯಂತ್ರಕ್ಕೆ ಬಿಟ್ಟುಕೊಡಲಿಲ್ಲ. 1997ರಲ್ಲಿ ಬ್ರಿಟಿಷ್ ಕಂಪ್ಯೂಟರ್ ಸೊಸೈಟಿಯ ಪ್ರಶಸ್ತಿ ಈ ಕೆಲಸಕ್ಕೆ ಸಂದಿತು. ನಗರ ಅದೇ, ತುರ್ತು ಅದೇ, ಸಿಬ್ಬಂದಿಯೂ ಬಹುಮಟ್ಟಿಗೆ ಅವರೇ. ಮೊದಲ ಸಲ ಸಿಬ್ಬಂದಿಯ ಅನುಭವವನ್ನು ತೊಡಕೆಂದು ಎಣಿಸಿದ್ದರು. ಎರಡನೆಯ ಸಲ ಅದನ್ನೇ ಆಧಾರವಾಗಿ ತೆಗೆದುಕೊಂಡರು.

ಇದು ಲಂಡನ್ನಿನಲ್ಲಿ ಹೊಸದಾಗಿ ಹುಟ್ಟಿದ ವಿವೇಕವೂ ಅಲ್ಲ. ನಾರ್ವೆಯ ಕ್ರಿಸ್ಟನ್ ನೈಗಾರ್ಡ್ ಎಂಬ ವಿಜ್ಞಾನಿ 1970ರ ದಶಕದ ಆರಂಭದಲ್ಲಿಯೇ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಡನೆ ಕುಳಿತು, ಕಾರ್ಖಾನೆಗೆ ಬರುವ ಕಂಪ್ಯೂಟರ್ ವ್ಯವಸ್ಥೆಯನ್ನು ಕಾರ್ಮಿಕರೇ ಅಧ್ಯಯನ ಮಾಡುವಂತೆ ಮಾಡಿದ್ದರು. ‘ಬಳಕೆದಾರಸ್ನೇಹಿ’ ಎಂಬ ಪದ ಜಾಹೀರಾತುಗಳಲ್ಲಿ ಸವೆದುಹೋಗುವುದಕ್ಕೆ ಬಹಳ ಮೊದಲಿನ ಮಾತಿದು. ಸ್ನೇಹವೆಂದರೆ ಅಲ್ಲಿ ಪರದೆಯ ಬಣ್ಣವಲ್ಲ; ತನ್ನ ಕೆಲಸ ಹೇಗೆ ಬದಲಾಗಬೇಕೆಂದು ಹೇಳುವ ಹಕ್ಕು.

ಕನ್ನಡ ಅಕ್ಷರವೂ ಕೀಲಿಮಣೆಯೂ

ಆಂಬುಲೆನ್ಸಿನ ಉದಾಹರಣೆ ದೂರದ್ದು. ಬಳಸುವವನ ಅನುಭವವನ್ನು ಆಧಾರವಾಗಿ ತೆಗೆದುಕೊಳ್ಳುವುದೆಂದರೇನು ಎಂಬುದನ್ನು ಕನ್ನಡ ಶಿಕ್ಷಕರು ತಮ್ಮ ಬೆರಳ ತುದಿಯಲ್ಲಿಯೇ ನೋಡಬಹುದು.

ಕನ್ನಡದ ಬೆರಳಚ್ಚು ಯಂತ್ರವು ಅಕ್ಷರದ ಆಕಾರಗಳನ್ನು ತುಂಡುಗಳಾಗಿ ಇಟ್ಟಿತ್ತು. ತಲೆಕಟ್ಟು, ಕೊಂಬು, ಒತ್ತು ಇವುಗಳನ್ನು ಜೋಡಿಸಿ ಅಕ್ಷರವನ್ನು ಕಟ್ಟುವುದು ತಿಂಗಳುಗಟ್ಟಲೆ ಅಭ್ಯಾಸ ಬೇಡುವ ಕುಶಲ ಕೆಲಸವಾಗಿತ್ತು. ಕೆ.ಪಿ. ರಾವ್ ಅವರು ಕಂಪ್ಯೂಟರಿಗಾಗಿ ರೂಪಿಸಿದ ಧ್ವನಿಯಾಧಾರಿತ ಕೀಲಿಮಣೆ ಬೇರೊಂದು ಪ್ರಶ್ನೆಯಿಂದ ಹೊರಟಿತು: ಕನ್ನಡಿಗನಿಗೆ ಈಗಾಗಲೇ ಏನು ಗೊತ್ತಿದೆ? ಅವನಿಗೆ ವರ್ಣಮಾಲೆ ಗೊತ್ತಿದೆ. ಕಕಾರಕ್ಕೆ ಇಕಾರ ಸೇರಿದರೆ ‘ಕಿ’ ಎಂಬುದು ಗೊತ್ತಿದೆ. ಇಂಗ್ಲಿಷ್ ಕೀಲಿಮಣೆಯ ‘ಕೆ’ ಕೀಲಿ ಒತ್ತಿದರೆ ‘ಕ’. ಶಿಫ್ಟ್ ಹಿಡಿದು ಅದನ್ನೇ ಒತ್ತಿದರೆ ಅದರ ಮಹಾಪ್ರಾಣ ‘ಖ’. ‘ಐ’ ಕೀಲಿಯೊಂದನ್ನೇ ಒತ್ತಿದರೆ ‘ಇ’. ವ್ಯಂಜನದ ಬಳಿಕ ಒತ್ತಿದರೆ ಅದೇ ಗುಡಿಸಾಗಿ ಸೇರಿ ‘ಕಿ’. ಒತ್ತಕ್ಷರಕ್ಕೆ ಎರಡು ವ್ಯಂಜನಗಳ ನಡುವೆ ಬೆಸುಗೆಯ ಒಂದು ಕೀಲಿ. ‘ಸೂರ್ಯ’ ಎಂದು ಬರೆಯುವಾಗ ಅರ್ಕಾವೊತ್ತು ಕಣ್ಣಿಗೆ ಯಕಾರದ ನಂತರ ಕಂಡರೂ ಕಿವಿಗೆ ರಕಾರವೇ ಮೊದಲು. ಬೆರಳು ಕಿವಿಯನ್ನು ಅನುಸರಿಸಿದರೆ ಸಾಕು, ಆಕಾರವನ್ನು ಕಂಪ್ಯೂಟರ್ ಹುಡುಕಿಕೊಳ್ಳುತ್ತದೆ. ಒಂದನೆಯ ತರಗತಿಯ ಕಾಗುಣಿತವೇ ಇಲ್ಲಿ ಬಳಕೆಯ ಕೈಪಿಡಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಈ ವಿನ್ಯಾಸ ಕರ್ನಾಟಕದ ಕಚೇರಿಗಳಲ್ಲಿಯೂ ಮನೆಗಳಲ್ಲಿಯೂ ನೆಲೆಯೂರಿತು.

ಆದರೆ ‘ಯಾವ ವ್ಯಕ್ತಿಗೆ?’ ಎಂಬ ಮೊದಲಿನ ಪ್ರಶ್ನೆಯನ್ನು ಇಲ್ಲಿಯೂ ಕೇಳಬೇಕು. ಭಾರತೀಯ ಲಿಪಿಗಳಿಗೆಲ್ಲ ಸಮಾನವಾಗಿ ರೂಪಿಸಿದ ‘ಇನ್‌ಸ್ಕ್ರಿಪ್ಟ್’ ಎಂಬ ಇನ್ನೊಂದು ವಿನ್ಯಾಸವಿದೆ. ಅದರಲ್ಲಿ ಸ್ವರಕ್ಕೂ ಸ್ವರಚಿಹ್ನೆಗೂ ಬೇರೆಬೇರೆ ಒತ್ತುವಿಕೆ. ಇಂಗ್ಲಿಷ್ ಕೀಲಿಯ ಹೆಸರಿಗೂ ಕನ್ನಡ ಅಕ್ಷರಕ್ಕೂ ಸಾಮಾನ್ಯವಾಗಿ ಸಂಬಂಧವಿಲ್ಲ. ಬೆಂಗಳೂರಿನ ಮಗುವಿಗೆ ಅದು ಅನಗತ್ಯ ಹೊರೆಯಾಗಿ ಕಂಡೀತು. ಕಾಸರಗೋಡಿನ ಮಗುವಿನ ಸ್ಥಿತಿ ಬೇರೆ. ಕೇರಳದ ಶಾಲೆಗಳಲ್ಲಿ ಮಲಯಾಳಕ್ಕೆ ಇನ್‌ಸ್ಕ್ರಿಪ್ಟ್ ಬಳಕೆಯಲ್ಲಿದೆ. ಅದನ್ನು ಒಮ್ಮೆ ಕಲಿತ ಬೆರಳಿಗೆ ಮಲಯಾಳದ ಕಕಾರ ಇರುವ ಕೀಲಿಯಲ್ಲಿಯೇ ಕನ್ನಡದ ಕಕಾರವೂ ಸಿಗುತ್ತದೆ. ಎರಡು ಲಿಪಿಗಳ ನಡುವೆ ದಿನವೂ ಓಡಾಡುವ ಮಗುವಿಗೆ ಒಂದೇ ಕಲಿಕೆಯಲ್ಲಿ ಎರಡು ದಕ್ಕುತ್ತವೆ. ಕರ್ನಾಟಕದಲ್ಲಿ ಜನಪ್ರಿಯವಾದುದೇ ಗಡಿಯಾಚೆಯ ಶಾಲೆಗೂ ಉತ್ತಮವೆಂದು ತೀರ್ಮಾನಿಸುವ ಮೊದಲು ಶಿಕ್ಷಕರು ತಮ್ಮ ತರಗತಿಯ ಮಕ್ಕಳ ಕೈಯನ್ನು ನೋಡಬೇಕು.

ಕೀಲಿ ಒತ್ತಿದ ಮೇಲೆ ಅಕ್ಷರ ಹೇಗೆ ಉಳಿಯುತ್ತದೆಂಬುದೂ ಗುಣಮಟ್ಟದ ವಿಷಯವೇ. ಮೊದಲ ವರ್ಷಗಳಲ್ಲಿ ಒಂದೊಂದು ತಂತ್ರಾಂಶ ಒಂದೊಂದು ಗುಪ್ತಸಂಖ್ಯೆಯಲ್ಲಿ ಕನ್ನಡವನ್ನು ಕೂಡಿಡುತ್ತಿತ್ತು. ಒಂದು ಶಾಲೆಯಲ್ಲಿ ಸಿದ್ಧಪಡಿಸಿದ ಪ್ರಶ್ನೆಪತ್ರಿಕೆ ಇನ್ನೊಂದು ಶಾಲೆಯ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ತೆರೆದುಕೊಂಡದ್ದು ಹಲವು ಶಿಕ್ಷಕರ ಅನುಭವ. 1991ರಲ್ಲಿ ಆರಂಭವಾದ ಯೂನಿಕೋಡ್ ಎಂಬ ಜಾಗತಿಕ ಸಂಕೇತಪದ್ಧತಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತು; ಅದು ಬಳಕೆಗೆ ಬಂದಂತೆ ಈ ತೊಂದರೆ ಕಡಮೆಯಾಯಿತು. ಆದರೂ ಸೂಕ್ಷ್ಮಗಳು ಉಳಿದಿವೆ. ರಕಾರಕ್ಕೆ ಯಕಾರ ಸೇರಿದರೆ ಕಂಪ್ಯೂಟರ್ ತಾನಾಗಿ ಅರ್ಕಾವೊತ್ತನ್ನು ಕೊಡುತ್ತದೆ. ‘ಸೂರ್ಯ’ಕ್ಕೆ ಅದು ಸರಿ. ಅದೇ ನಿಯಮದಿಂದ ‘ರ್ಯಾಲಿ’ ಎಂದು ಬಂದಾಗ ಪದದ ಮೊದಲಲ್ಲೇ ಅರ್ಕಾವೊತ್ತು ಕಂಡು ಮಗು ತಡವರಿಸುತ್ತದೆ. ‘ರ‍್ಯಾಲಿ’ ಎಂದು ರಕಾರದ ಕೆಳಗೆ ಯಕಾರದ ಒತ್ತು ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದನ್ನು ಸೇರಿಸಬೇಕಾಗುತ್ತದೆ. ‘ರಾಜ್‌ಕುಮಾರ್’ ಎಂಬ ಹೆಸರಿನಲ್ಲಿ ಜಕಾರಕ್ಕೆ ಕಕಾರದ ಒತ್ತು ಬೀಳದಂತೆ ತಡೆಯಲು ಇನ್ನೊಂದು ಅಂಥದೇ ಸಂಕೇತ ಬೇಕು. ಮನುಷ್ಯನ ಕಣ್ಣಿಗೆ ಅದು ಕಾಣದು. ಕಂಪ್ಯೂಟರಿಗೆ ಮಾತ್ರ ಸಂಕೇತವಿರುವ ಹೆಸರೂ ಇಲ್ಲದ ಹೆಸರೂ ಎರಡು ಬೇರೆ ಹೆಸರುಗಳು. ಕಟ್ಟಿದವನು ಇದನ್ನು ಮುಂಗಾಣದಿದ್ದರೆ, ಪಟ್ಟಿಯಲ್ಲಿ ಇರುವ ವಿದ್ಯಾರ್ಥಿಯನ್ನೇ ತಂತ್ರಾಂಶ ‘ಇಲ್ಲ’ ಎನ್ನುತ್ತದೆ.

ಹೆಸರಿನ ಕಲಂ

ಗಡಿಯಾಚೆಯ ಕನ್ನಡ ಶಾಲೆಯಲ್ಲಿ ಇದು ಇನ್ನೂ ಜಟಿಲವಾಗುತ್ತದೆ. ದಾಖಲಾತಿ ಪುಸ್ತಕದಲ್ಲಿ ಕನ್ನಡದಲ್ಲಿರುವ ಹೆಸರು ರಾಜ್ಯಭಾಷೆಯ ಲಿಪಿಗೆ ಹೋಗುತ್ತದೆ, ಇಂಗ್ಲಿಷಿಗೆ ಹೋಗುತ್ತದೆ, ಕೆಲವೊಮ್ಮೆ ಅಲ್ಲಿಂದ ಮತ್ತೆ ಕನ್ನಡಕ್ಕೆ ಮರಳುತ್ತದೆ. ತಾಳವಾಡಿಯ ಅಥವಾ ಹೊಸೂರಿನ ಒಬ್ಬ ಬಾಲಕಿಯ ಹೆಸರು ದೀಪಾ ಎಂದು ಭಾವಿಸೋಣ. ತಮಿಳು ಲಿಪಿಯಲ್ಲಿ ತಕಾರ ದಕಾರಗಳಿಗೆ ಒಂದೇ ಅಕ್ಷರ. ತಮಿಳು ಓದುಗನಿಗೆ ಅದರಿಂದ ತೊಂದರೆಯಿಲ್ಲ. ಸಂದರ್ಭದಿಂದ ಉಚ್ಚಾರ ಅವನಿಗೆ ತಿಳಿಯುತ್ತದೆ. ಆದರೆ ಅಕ್ಷರಕ್ಕೆ ಅಕ್ಷರವಿಟ್ಟು ಕನ್ನಡಕ್ಕೆ ಮರಳಿಸುವ ತಂತ್ರಾಂಶ ಅವಳನ್ನು ‘ತೀಪಾ’ ಮಾಡುತ್ತದೆ. ಬಾನು ‘ಪಾನು’ ಆಗುತ್ತಾಳೆ. ಜತ್ತ, ಅಕ್ಕಲಕೋಟೆಗಳಲ್ಲಿ ಕಷ್ಟ ಬೇರೆ. ಮರಾಠಿಯ ರೂಢಿಯ ಬರವಣಿಗೆಯಲ್ಲಿ ಹ್ರಸ್ವ ಎ, ಒ ಬೇರೆಯಾಗಿ ಇಲ್ಲದ್ದರಿಂದ ‘ಚೆನ್ನಪ್ಪ’ ಮರಳಿ ಬರುವಾಗ ‘ಚೇನ್ನಪ್ಪ’ ಆದಾನು. ಇಂಗ್ಲಿಷಿನಲ್ಲಿ ಬರೆದ ಕಾಳಮ್ಮನನ್ನು ಕಲಮ್ಮ, ಕಾಲಮ್ಮ, ಕಾಳಮ್ಮ ಎಂದು ಮೂರು ಬಗೆಯಲ್ಲಿ ಓದಬಹುದು.

ಕಲಮುಗಳ ವಿಂಗಡಣೆಯೂ ಹೀಗೆಯೇ. ಸೊಲ್ಲಾಪುರದ ಕಡೆ ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂಬ ಕ್ರಮವುಂಟು. ತಮಿಳುನಾಡಿನಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮಾತ್ರ ಮುಂದೆ ನಿಲ್ಲುತ್ತದೆ. ‘ಕುಲನಾಮ’ವೆಂಬ ಕಲಂ ಭರ್ತಿಯಾಗದೆ ಮುಂದೆ ಹೋಗಲು ಬಿಡದ ತಂತ್ರಾಂಶದ ಮುಂದೆ ಕುಳಿತವರು ಏನು ಮಾಡಬೇಕು? ತಂದೆಯ ಮೊದಲಕ್ಷರವನ್ನೇ ಅಲ್ಲಿ ಬರೆಯುತ್ತಾರೆ, ಚುಕ್ಕೆ ಇಡುತ್ತಾರೆ, ಹೆಸರನ್ನೇ ಎರಡು ಸಲ ಬರೆಯುತ್ತಾರೆ. ಆಂಬುಲೆನ್ಸಿನ ಸಿಬ್ಬಂದಿ ತಪ್ಪು ಗುಂಡಿ ಒತ್ತಿದ್ದೂ ಇದಕ್ಕಿಂತ ಬಹಳ ಭಿನ್ನವಲ್ಲ. ಇದನ್ನು ಗುಮಾಸ್ತನ ಅಜಾಗರೂಕತೆಯೆಂದು ಬರೆದಿಡುವುದು ವಾಡಿಕೆ. ನಿಜವಾಗಿ ಇದು ಕೇಳಬಾರದ ರೀತಿಯಲ್ಲಿ ಕೇಳಿದ ಪ್ರಶ್ನೆಗೆ ಮನುಷ್ಯ ಹುಡುಕಿಕೊಂಡ ದಾರಿ. ಹತ್ತನೆಯ ತರಗತಿಯ ಪ್ರಮಾಣಪತ್ರದಲ್ಲಿ ಒಂದು ಹೆಸರು, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ಹೆಸರು ಬಂದಾಗ ವಿದ್ಯಾರ್ಥಿವೇತನಕ್ಕಾಗಿ ಅಲೆಯುವವರು ತಂತ್ರಾಂಶವನ್ನು ಕಟ್ಟಿದವರಲ್ಲ. ಕೂಲಿ ಬಿಟ್ಟು ಕಚೇರಿಗೆ ಬರುವ ತಾಯಿತಂದೆಗಳು. ಅದಕ್ಕಿಂತ ಮೊದಲೇ, ಹಾಜರಿ ಕೂಗುವಾಗ ‘ತೀಪಾ’ ಎಂದದ್ದಕ್ಕೆ ಇಡೀ ತರಗತಿ ನಕ್ಕಾಗ ತಲೆ ತಗ್ಗಿಸಿದವಳು ದೀಪಾ.

ಆದ್ದರಿಂದ ಹೆಸರನ್ನು ದಾಖಲಿಸುವ ದಿನವೇ ಶಿಕ್ಷಕರು ಪರದೆಯಲ್ಲಿ ಮೂಡಿದ ರೂಪವನ್ನು ಮಗುವಿಗೂ ಪೋಷಕರಿಗೂ ಓದಿ ಹೇಳಿ ಒಪ್ಪಿಗೆ ಪಡೆಯುವುದು ಒಳ್ಳೆಯದು. ಓದಲು ಬಾರದ ಪೋಷಕರಿಗೂ ಮಗಳ ಹೆಸರಿನ ಉಚ್ಚಾರ ಗೊತ್ತಿರುತ್ತದೆ.

ತರಗತಿಯಲ್ಲಿ

ಎಂಟನೆಯ ಅಥವಾ ಒಂಬತ್ತನೆಯ ತರಗತಿಯಲ್ಲಿ ಈ ಪಾಠವನ್ನು ಕಂಪ್ಯೂಟರ್ ಇಲ್ಲದೆಯೂ ಮಾಡಬಹುದು. ಇಲ್ಲದೆ ಮಾಡುವುದೇ ಮೇಲು. ಶಾಲೆಯ ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ಪಡೆಯುವ ಲೆಕ್ಕಕ್ಕೆ ಒಂದು ತಂತ್ರಾಂಶ ಬೇಕಾಗಿದೆ ಎಂದು ಹೇಳಿ, ಅದು ಹೇಗಿರಬೇಕೆಂದು ಬರೆಯಲು ಮಕ್ಕಳಿಗೆ ತಿಳಿಸಬೇಕು. ಮೊದಲ ಬರಹದಲ್ಲಿ ಪುಸ್ತಕದ ಸಂಖ್ಯೆ, ಹೆಸರು, ದಿನಾಂಕ, ದಂಡ ಇಷ್ಟು ಬರುತ್ತದೆ. ಅದನ್ನು ತಿದ್ದದೆ ಹಾಗೆಯೇ ಇಟ್ಟುಕೊಂಡು, ಮಕ್ಕಳನ್ನು ಗುಂಪುಗಳಾಗಿ ಮಾಡಿ ಗ್ರಂಥಾಲಯವನ್ನು ಬಳಸುವವರ ಬಳಿಗೆ ಕಳುಹಿಸಬೇಕು. ಒಂದು ಗುಂಪು ಪುಸ್ತಕ ನೋಡಿಕೊಳ್ಳುವ ಶಿಕ್ಷಕರ ಬಳಿ ಒಂದು ಅವಧಿ ಸುಮ್ಮನೆ ಕುಳಿತು ಅವರು ಮಾಡುವುದನ್ನೆಲ್ಲ ಬರೆದುಕೊಳ್ಳಲಿ. ಇನ್ನೊಂದು ಗುಂಪು ಎರಡನೆಯ ತರಗತಿಯ ಮಕ್ಕಳನ್ನು ಮಾತನಾಡಿಸಲಿ. ಪುಸ್ತಕ ಕೇಳಲು ಬಾರದವರು ಯಾರು, ಏಕೆ ಬರುವುದಿಲ್ಲ ಎಂಬುದನ್ನು ಮತ್ತೊಂದು ಗುಂಪು ವಿಚಾರಿಸಲಿ.

ಮರಳಿ ಬಂದವರ ಟಿಪ್ಪಣಿಗಳಲ್ಲಿ ಮೊದಲ ಬರಹದಲ್ಲಿಲ್ಲದ ಸಂಗತಿಗಳು ಇರುತ್ತವೆ. ಪುಸ್ತಕದ ಹೆಸರು ಗೊತ್ತಿಲ್ಲದೆ ಹುಲಿಯ ಚಿತ್ರವಿರುವ ಪುಸ್ತಕ ಬೇಕೆನ್ನುವ ಮಗು ಇರಬಹುದು. ಅಕ್ಕ ತೆಗೆದುಕೊಂಡ ಪುಸ್ತಕವನ್ನು ತಮ್ಮ ಹಿಂದಿರುಗಿಸಿದಾಗ ಲೆಕ್ಕ ತಪ್ಪುವುದಿರಬಹುದು. ದಂಡಕ್ಕೆ ಹೆದರಿ ಪುಸ್ತಕವನ್ನೇ ಮುಟ್ಟದವನೂ ಸಿಗಬಹುದು. ಈಗ ಎರಡನೆಯ ಬರಹ. ಮೊದಲನೆಯದರ ಪಕ್ಕದಲ್ಲಿ ಅದನ್ನಿಟ್ಟು, ಯಾವ ಸಾಲು ಯಾರ ಮಾತಿನಿಂದ ಬಂತೆಂದು ಅಂಚಿನಲ್ಲಿ ಬರೆಸಬೇಕು. ಪರದೆಗಳನ್ನು ರಟ್ಟಿನ ಮೇಲೆ ಬಿಡಿಸಿ, ಒಬ್ಬ ವಿದ್ಯಾರ್ಥಿ ಕಂಪ್ಯೂಟರಿನಂತೆ ಬರೆದಷ್ಟನ್ನೇ ಮಾಡುತ್ತ, ಒಂದು ವಾರ ನಿಜವಾಗಿಯೇ ಪುಸ್ತಕ ಕೊಟ್ಟು ನೋಡಬಹುದು. ಬರೆಯದ್ದನ್ನು ತಾನಾಗಿ ಊಹಿಸಿ ಸರಿಪಡಿಸಕೂಡದೆಂದು ಆ ವಿದ್ಯಾರ್ಥಿಗೆ ಕಟ್ಟುನಿಟ್ಟಾಗಿ ಹೇಳಿರಬೇಕು. ಅವನು ಸುಮ್ಮನೆ ಕುಳಿತುಬಿಟ್ಟ ಪ್ರತಿ ಸಲವೂ ಒಂದು ಟಿಪ್ಪಣಿ.

ಇದನ್ನು ಕನ್ನಡ ಬರವಣಿಗೆಯ ಪಾಠಕ್ಕೂ ಜೋಡಿಸಬಹುದು. ತಂತ್ರಾಂಶದ ತೊಂದರೆಯನ್ನು ಕುರಿತ ಮನವಿ ಪತ್ರಗಳು ಸಾಮಾನ್ಯವಾಗಿ ‘ಸರಿಯಾಗಿ ಕೆಲಸ ಮಾಡುತ್ತಿಲ್ಲ, ದಯವಿಟ್ಟು ಸರಿಪಡಿಸಿ’ ಎಂಬಲ್ಲಿಗೆ ನಿಲ್ಲುತ್ತವೆ. ಓದಿದವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಯಾರು, ಯಾವ ಕೆಲಸಕ್ಕೆ ಕುಳಿತಾಗ, ಏನು ಬರೆದರೆ, ಏನು ಬಂತು, ಅದರಿಂದ ಯಾರಿಗೆ ಏನಾಯಿತು ಎಂಬುದನ್ನು ಅನುಕ್ರಮವಾಗಿ ಬರೆದ ಪತ್ರವನ್ನು ತಳ್ಳಿಹಾಕುವುದು ಸುಲಭವಲ್ಲ. ದೀಪಾ ‘ತೀಪಾ’ ಆದ ಸಂದರ್ಭವನ್ನೇ ವಿಷಯವಾಗಿ ಕೊಟ್ಟು, ಒಂದು ಪುಟಕ್ಕೆ ಮೀರದ ಪತ್ರವನ್ನು ಬರೆಸಬೇಕು. ಅಂಕ ಕೊಡುವಾಗ ವಿನಯದ ಒಕ್ಕಣೆಗಿಂತ ವಿವರದ ಖಚಿತತೆಗೆ ಹೆಚ್ಚು ಬೆಲೆ ಕೊಡುವುದು ನ್ಯಾಯ. ಗ್ರಂಥಾಲಯದ ಎರಡು ಬರಹಗಳನ್ನೂ ವಾರದ ಟಿಪ್ಪಣಿಗಳನ್ನೂ ಒಟ್ಟಿಗೆ ಹೊಲಿದು ಗ್ರಂಥಾಲಯದಲ್ಲಿಯೇ ಇಡಬೇಕು. ಮುಂದಿನ ವರ್ಷದ ತರಗತಿ ತನ್ನ ಕೆಲಸವನ್ನು ಅಲ್ಲಿಂದ ಆರಂಭಿಸಲಿ.